ದೇವರಿಗೆ ಸೇರಿದವರು ಎಂಬುದು ಸಾಂತ್ವನವೇ, ಹೊರೆಯೇ?

ಪ್ರಶ್ನೆ:
ನಾವು ನಮ್ಮ ಸ್ವಂತ ಸೊತ್ತಲ್ಲ, ಕ್ರಯಕ್ಕೆ ಕೊಳ್ಳಲ್ಪಟ್ಟವರು ಎಂದು ಅಪೊಸ್ತಲನಾದ ಪೌಲನು ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 6ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಪ್ರಸಂಗಗಳಲ್ಲಿ ನಾನು ಈ ಮಾತನ್ನು ಹೆಚ್ಚಾಗಿ ಕೇಳಿರುವುದು ಸಭೆಯ, ಅಂದರೆ ಚರ್ಚಿನ, ಕೆಲಸಕ್ಕೆ ಸಮಯ ಕೊಡದವರನ್ನು ಎಚ್ಚರಿಸುವ ಸಂದರ್ಭದಲ್ಲಿಯೇ. ದೇವರಿಗೆ ಸೇರಿದವನಿಗೆ ಸ್ವಂತ ಇಚ್ಛೆ ಎಂಬುದೇ ಇರಬಾರದೆ? ಪ್ರಾರ್ಥನೆ ಬಾಯಿಗೇ ಬಾರದ ದಿನಗಳಲ್ಲಿ ನಾನು ಯಾರವನು?

ಉತ್ತರ 1:
ಇದೇ ಮಾತನ್ನು ಬೇರೆ ಜಾಗದಲ್ಲಿಟ್ಟು ನೋಡಿ. ಕ್ರೈಸ್ತ ನಂಬಿಕೆಯನ್ನು ಪ್ರಶ್ನೋತ್ತರ ರೂಪದಲ್ಲಿ ಕಲಿಸುವ, 1563ರಲ್ಲಿ ಪ್ರಕಟವಾದ ಹೈಡೆಲ್‌ಬರ್ಗ್ ಪ್ರಶ್ನೋತ್ತರಾವಳಿಯ ಮೊದಲ ಪ್ರಶ್ನೆ, ಬದುಕಿನಲ್ಲಿಯೂ ಸಾವಿನಲ್ಲಿಯೂ ನಿನಗಿರುವ ಏಕೈಕ ಸಾಂತ್ವನ ಯಾವುದು ಎಂಬುದು. ನಾನು ನನ್ನವನಲ್ಲ, ದೇಹಾತ್ಮಗಳೆರಡರಲ್ಲಿಯೂ ನಂಬಿಗಸ್ತ ರಕ್ಷಕನಾದ ಯೇಸು ಕ್ರಿಸ್ತನಿಗೆ ಸೇರಿದವನು ಎಂದು ಅದರ ಉತ್ತರ ಆರಂಭವಾಗುತ್ತದೆ. ಬಳಿಕ ಪಾಪದ ಸಾಲವನ್ನು ಆತನು ತನ್ನ ರಕ್ತದಿಂದ ತೀರಿಸಿದ್ದು, ತಂದೆಯ ಚಿತ್ತವಿಲ್ಲದೆ ತಲೆಯ ಒಂದು ಕೂದಲೂ ಉದುರದಂತೆ ಕಾಯುವುದು, ಇವೆಲ್ಲ ಬಂದು, ಆತನಿಗಾಗಿ ಬದುಕುವ ಮನಸ್ಸು ಎಲ್ಲಕ್ಕಿಂತ ಕೊನೆಯಲ್ಲಿ ಬರುತ್ತದೆ, ಅದೂ ಪವಿತ್ರಾತ್ಮನು ಕೊಡುವ ವರವಾಗಿ. 129 ಪ್ರಶ್ನೆಗಳ ಆ ಇಡೀ ಕೃತಿಯಲ್ಲಿ ಹತ್ತು ಆಜ್ಞೆಗಳ ವಿವರಣೆ ಇರುವುದು ಕೃತಜ್ಞತೆಯ ಭಾಗದಲ್ಲಿ. ನೀವು ಕೇಳಿದ ಪ್ರಸಂಗಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ ಎಂದು ನನಗನ್ನಿಸುತ್ತದೆ.

ಉತ್ತರ 2:
ಒಪ್ಪುತ್ತೇನೆ, ಆದರೂ ಕೊಳ್ಳುವುದು ಎಂಬ ಮಾತಿನ ಕಟುತನವನ್ನು ಇಷ್ಟು ಸುಲಭವಾಗಿ ದಾಟಿಬಿಡಬಾರದು, ಏಕೆಂದರೆ ಪೌಲನ ಓದುಗರಲ್ಲಿ ನಿಜವಾದ ದಾಸರೇ ಇದ್ದರು. ಗ್ರೀಸಿನ ಡೆಲ್ಫಿಯಲ್ಲಿ ಅಪೊಲೋ ದೇವಾಲಯದ ಬಳಿಯ ಕಲ್ಲುಗೋಡೆಯ ಮೇಲೆ ದಾಸವಿಮೋಚನೆಯ ನೂರಾರು ಶಾಸನಗಳನ್ನು ಇಂದಿಗೂ ಕಾಣಬಹುದು. ಯಜಮಾನನು ದಾಸನನ್ನು ಇಷ್ಟು ಬೆಲೆಗೆ ದೇವರಿಗೆ ಮಾರಿದನೆಂದು ಅಲ್ಲಿ ಕೆತ್ತಿರುತ್ತದೆ. ದೇವರ ಹೆಸರಿಗೆ ಮಾರಾಟವಾದವನನ್ನು ಅಲ್ಲಿಂದ ಮುಂದೆ ಬೇರಾರೂ ತನ್ನ ದಾಸನೆಂದು ಹಿಡಿಯುವಂತಿರಲಿಲ್ಲ. ಪೌಲನು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ನಾನು ಹೇಳುತ್ತಿಲ್ಲ. ಒಂದು ವ್ಯತ್ಯಾಸವಂತೂ ಸ್ಪಷ್ಟ: ಡೆಲ್ಫಿಯಲ್ಲಿ ಹಣ ದೇವರದಲ್ಲ, ಸಾಮಾನ್ಯವಾಗಿ ದಾಸನೇ ಅದನ್ನು ಹೊಂದಿಸಿಕೊಳ್ಳಬೇಕಿತ್ತು, ಸುವಾರ್ತೆಯಲ್ಲಾದರೋ ಕ್ರಯ ಕೊಟ್ಟವನೇ ಒಡೆಯ. ಪೌಲನು ಮುಂದಿನ ಅಧ್ಯಾಯದಲ್ಲಿಯೇ ಈ ಮಾತನ್ನು ಮತ್ತೆ ಎತ್ತಿಕೊಂಡು, ಕ್ರಯಕ್ಕೆ ಕೊಳ್ಳಲ್ಪಟ್ಟವರಾದ್ದರಿಂದ ಮನುಷ್ಯರಿಗೆ ದಾಸರಾಗಬೇಡಿರಿ ಎಂದು ಬರೆಯುತ್ತಾನೆ (7:23). ಆ ವಚನವನ್ನು ಬಿಟ್ಟು ಈ ವಚನವನ್ನು ಮಾತ್ರ ಹಿಡಿಯುವುದು ನ್ಯಾಯವಲ್ಲ. ಇಚ್ಛೆಯ ವಿಷಯಕ್ಕೆ ಬಂದರೆ, ದಾಸನಾದ ಒನೇಸಿಮನ ಕುರಿತು ಅವನ ಯಜಮಾನ ಫಿಲೆಮೋನನಿಗೆ ಬರೆಯುವಾಗ ಫಿಲೆಮೋನನ ಉಪಕಾರ ಬಲವಂತದಿಂದಲ್ಲ, ಮನಃಪೂರ್ವಕವಾಗಿಯೇ ಆಗಬೇಕೆಂದು ಪೌಲನು ಬಯಸುತ್ತಾನೆ. ಇಚ್ಛೆಯೇ ಇಲ್ಲದವನಿಂದ ಅದು ಹೇಗೆ ಸಾಧ್ಯ?

ಉತ್ತರ 3:
ಪ್ರಾರ್ಥನೆ ಬಾರದ ದಿನಗಳ ಬಗ್ಗೆ ಎರಡು ಮಾತು. ಪ್ರವಾದಿಯಾದ ಹೋಶೇಯನು ದೇವರ ಮಾತಿನಂತೆ ತನ್ನ ಮಗನಿಗೆ ಲೋ-ಅಮ್ಮಿ, ಅಂದರೆ ನನ್ನ ಜನವಲ್ಲ, ಎಂಬ ಹೆಸರಿಡಬೇಕಾಗಿ ಬಂತು. ಅವನ ಗ್ರಂಥದ 2ನೇ ಅಧ್ಯಾಯದ ಕೊನೆಯಲ್ಲಿ ದೇವರು ಆ ಹೆಸರನ್ನು ತಾನೇ ಹಿಂತೆಗೆದುಕೊಂಡು ನೀನು ನನ್ನ ಜನವೇ ಎನ್ನುತ್ತಾನೆ, ಪೇತ್ರನ ಮೊದಲನೆಯ ಪತ್ರವು ಆ ಮಾತನ್ನು ಕ್ರೈಸ್ತರಿಗೂ ಅನ್ವಯಿಸುತ್ತದೆ. ಎರಡು ಕಡೆಯೂ ಮೊದಲು ಮಾತಾಡುವವನು ದೇವರೇ. ಜನರ ಭಕ್ತಿ ಎಷ್ಟು ಬಿಸಿಯಾಗಿದೆ ಎಂದು ಯಾರೂ ಅಳೆಯುತ್ತಿಲ್ಲ. ಹಾಗೆಂದು ಹೇಗಾದರೂ ಬದುಕಬಹುದೆಂದಲ್ಲ. ನೀವು ಉಲ್ಲೇಖಿಸಿದ 6ನೇ ಅಧ್ಯಾಯದ ಆ ಭಾಗದ ವಿಷಯವೇ ದೇಹವನ್ನು ಮನಬಂದಂತೆ ಬಳಸಿಕೊಳ್ಳುವವರ ಸಮಸ್ಯೆ. ಸಭೆಯ ಕೆಲಸದ ಪಾಳಿಯ ಮಾತು ಅಲ್ಲೆಲ್ಲೂ ಇಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಹಿರಿಯರು ಕೇಳಿದ ಕೆಲಸವನ್ನು ಆಗದು ಎಂದರೆ ಅದು ದೇವರಿಗೆ ಆಗದು ಎಂದಂತಲ್ಲವೇ?

ಉತ್ತರ 2:
ಅಲ್ಲ. ಕೊರಿಂಥದ ಸಭೆಯಲ್ಲಿ ನಾನು ಪೌಲನವನು, ನಾನು (ಇನ್ನೊಬ್ಬ ಬೋಧಕನಾದ) ಅಪೊಲ್ಲೋಸನವನು ಎಂದು ಜನರು ಪಂಗಡ ಕಟ್ಟಿಕೊಂಡಿದ್ದರು. ಅದೇ ಪತ್ರದ 3ನೇ ಅಧ್ಯಾಯದ ಕೊನೆಯಲ್ಲಿ ಪೌಲನು ಅದನ್ನು ತಿರುಗಿಸಿ, ಪೌಲನಾಗಲಿ ಅಪೊಲ್ಲೋಸನಾಗಲಿ ಕೇಫನಾಗಲಿ (ಅಂದರೆ ಪೇತ್ರನಾಗಲಿ) ಎಲ್ಲರೂ ನಿಮ್ಮವರು, ನೀವಂತೂ ಕ್ರಿಸ್ತನವರು ಎನ್ನುತ್ತಾನೆ. ಹಿರಿಯರ ಮಾತನ್ನು ಗೌರವದಿಂದ ಕೇಳಿ, ಪ್ರಾರ್ಥಿಸಿ, ಕುಟುಂಬದ ಮತ್ತು ಆರೋಗ್ಯದ ಹೊಣೆಗಳನ್ನೂ ತೂಗಿ ನೋಡಿ. ಆ ಮೇಲೆ ಆಗುವುದಿಲ್ಲ ಎಂದು ಹೇಳಬೇಕಾಗಿ ಬಂದರೆ ಅಪರಾಧಿಯಂತೆ ತಲೆತಗ್ಗಿಸದೆ ಹೇಳಿ.