ಪದಚರ್ಚೆ: ವಿಮಾನದ ‘ಅಂತರ’ ಎಂದರೆ ದೂರವೋ, ಹೊತ್ತೋ?

ಗೆಳೆಯರೇ, ನಮಸ್ಕಾರ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಡಿಸೆಂಬರ್‌ನಲ್ಲಿ ಮಗಳ ಬಾಣಂತನಕ್ಕೆ ಲಂಡನ್‌ಗೆ ಹೊರಟಿದ್ದಾರೆ. ಮೊದಲ ವಿಮಾನ ಪ್ರಯಾಣ. ಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಅದರಲ್ಲಿ ‘ಮುಂಬೈ–ಲಂಡನ್ ಅಂತರ: ಐದೂವರೆ ಗಂಟೆ’ ಅಂತ ಒಂದು ಸಾಲಿತ್ತು. ನಾನು ಬರೆದದ್ದು ಎರಡೂರ ಗಡಿಯಾರದ ವ್ಯತ್ಯಾಸ. ಅಕ್ಕ ಓದಿಕೊಂಡದ್ದು ದಾರಿಗೆ ಹಿಡಿಯುವ ಹೊತ್ತು. ‘ಹಾಗಾದ್ರೆ ರಾತ್ರಿಯ ಬಿಪಿ ಗುಳಿಗೆ ಮಗಳ ಮನೆಗೆ ಹೋಗಿಯೇ ತಗೊಂಡರಾಯ್ತು’ ಅಂದರು. ನನಗೆ ದಿಗಿಲಾಯಿತು.

ಟಿಕೆಟ್ ತೆಗೆದು ಲೆಕ್ಕ ತೋರಿಸಿದೆ. ಮಧ್ಯಾಹ್ನ 1:30ಕ್ಕೆ ಮುಂಬೈಯ ಸಹಾರ್ ವಿಮಾನ ನಿಲ್ದಾಣದಿಂದ ಹೊರಟು ಸಂಜೆ 6ಕ್ಕೆ ಮುಟ್ಟುತ್ತದೆ. ನೋಡಿದರೆ ನಾಲ್ಕೂವರೆ ಗಂಟೆ. ಆದರೆ ಆ 6 ಲಂಡನ್ ಗಡಿಯಾರದ್ದು. ಐದೂವರೆ ಕೂಡಿಸಿದರೆ ಹತ್ತು ಗಂಟೆ. ಮುಟ್ಟುವ ಹೊತ್ತಿಗೆ ನಮ್ಮಲ್ಲಿ ರಾತ್ರಿ 11:30! ಗುಳಿಗೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳಿದೆ. (ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಆಗ ನಾಲ್ಕೂವರೆ ಕೂಡಿಸಿದರೆ ಸಾಕು.)

‘ಅಂತರ’ವನ್ನು ಇಂಥ ಕಡೆ ಬಿಟ್ಟೇಬಿಡಬೇಕು ಅಂತ ನನಗೀಗ ಅನ್ನಿಸಿದೆ. ಕಿಲೋಮೀಟರಿಗೂ ಅದೇ, ಗಂಟೆಗೂ ಅದೇ. ಹಾಗಾದರೆ ಏನು ಬರೆಯೋಣ?

ದೂರದ ಮಾತು ಸುಲಭ. ಗೋಳದ ಮೇಲೆ ಮುಂಬೈನಿಂದ ಲಂಡನ್‌ಗೆ ದಾರ ಬಿಗಿಹಿಡಿದರೆ ಸುಮಾರು 7,200 ಕಿ.ಮೀ. ಇದು ‘ನೇರ ದೂರ’. ವಿಮಾನ ಸುತ್ತಿಬಳಸಿ ಹೋಗುವುದು ಇದಕ್ಕಿಂತ ಜಾಸ್ತಿ, ಅದು ‘ಹಾರುವ ದೂರ’. ‘ವೈಮಾನಿಕ ದೂರ’ ಅಂದರೆ ಅಕ್ಕನಂಥವರಿಗೆ ಎರಡರಲ್ಲಿ ಯಾವುದೂ ಗೊತ್ತಾಗುವುದಿಲ್ಲ.

ತೊಡಕಿರುವುದು ಹೊತ್ತಿನಲ್ಲಿ. ‘ಹಾರಾಟದ ಅವಧಿ’ ಅಂತ ಎಲ್ಲರೂ ಬರೆಯುತ್ತೇವೆ. ಆದರೆ ಟಿಕೆಟ್‌ನ ಹತ್ತು ಗಂಟೆ ಬರೀ ಹಾರಾಟವಲ್ಲ. ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಆ ಕಡೆ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ಮುಂಬೈಯಲ್ಲಿ ಎರಡು ರನ್‌ವೇ ಒಂದನ್ನೊಂದು ಅಡ್ಡ ಹಾಯುತ್ತವೆ, ಎರಡನ್ನೂ ಒಟ್ಟಿಗೆ ಬಳಸುವ ಹಾಗಿಲ್ಲ. ಸರದಿಗೆ ಕಾಯುತ್ತಾ ನೆಲದ ಮೇಲೆ ಕಳೆಯುವ ಹೊತ್ತೂ ಅದರಲ್ಲಿ ಸೇರಿದೆ. ಅದನ್ನು ಹಾರಾಟ ಅನ್ನಬಹುದೇ? ಮೇಲಾಗಿ, ಲಂಡನ್‌ನಿಂದ ಬರುವಾಗ ಎತ್ತರದಲ್ಲಿ ಪಡುವಣದಿಂದ ಬೀಸುವ ಗಾಳಿ ಬೆನ್ನಿಗಿರುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯಷ್ಟು ಉಳಿಯುತ್ತದೆ. ಊರು ಅವೇ, ಹೊತ್ತು ಬೇರೆ.

ನಮ್ಮ ಹಿರಿಯರು ‘ಎರಡು ದಿನದ ದಾರಿ’ ಅನ್ನುತ್ತಿದ್ದರು. ಇಲ್ಲೂ ‘ದಾದರ್ ಎಷ್ಟು ದೂರ’ ಅಂದರೆ ‘ಫಾಸ್ಟ್ ಲೋಕಲ್‌ನಲ್ಲಿ ಮುಕ್ಕಾಲು ಗಂಟೆ’ ಅನ್ನುತ್ತಾರೆ, ಕಿಲೋಮೀಟರ್ ಯಾರೂ ಹೇಳುವುದಿಲ್ಲ. ಹಾಗಾಗಿ ಹಾಳೆಯನ್ನು ತಿದ್ದಿ ‘ಹತ್ತು ಗಂಟೆಯ ದಾರಿ’ ಅಂತ ಬರೆದೆ. ಅಕ್ಕನಿಗೆ ತಕ್ಷಣ ತಿಳಿಯಿತು.

ಆಕಾಶದಲ್ಲಿ ಹೋಗುವುದಕ್ಕೂ ‘ದಾರಿ’ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಕನ್ನಡಿಗರು ಈ ಬಳಗದಲ್ಲಿದ್ದೀರಿ, ಅಲ್ವಾ? ಕದಲಿದಾಗಿನಿಂದ ನಿಲ್ಲುವವರೆಗಿನ ಹೊತ್ತಿಗೆ ನಿಮ್ಮ ನಿಮ್ಮಲ್ಲಿ ಏನನ್ನುತ್ತೀರಿ?