ವಿಶ್ವವಿದ್ಯಾಲಯದ ರೇಡಿಯೊಗೆ ಅನುದಾನ ಅರ್ಧ: ಕತ್ತರಿ ಎಲ್ಲಿ ಹಾಕಬೇಕು?

ಕ್ಯಾಂಪಸ್_ತರಂಗ:
ವಿಶ್ವವಿದ್ಯಾಲಯದ ಸಮುದಾಯ ರೇಡಿಯೊ ಕೇಂದ್ರ. 50 ವ್ಯಾಟ್ ಟ್ರಾನ್ಸ್‌ಮಿಟರ್, 30 ಮೀಟರ್ ಟವರ್, ದಿನಕ್ಕೆ 10 ಗಂಟೆ ಪ್ರಸಾರ. ಬರುವ ವರ್ಷಕ್ಕೆ ಅನುದಾನ ಅರ್ಧಕ್ಕಿಳಿದಿದೆ. ಹಣಕಾಸು ಸಮಿತಿ ಮೂರು ದಾರಿ ಹೇಳುತ್ತಿದೆ: ಪವರ್ ತಗ್ಗಿಸಿ ಕರೆಂಟ್ ಬಿಲ್ ಉಳಿಸುವುದು, ಒಂದು ಸೆಮಿಸ್ಟರ್ ಪ್ರಸಾರ ನಿಲ್ಲಿಸುವುದು, ಇಲ್ಲವೇ ಎಫ್‌ಎಂ ಕೈಬಿಟ್ಟು ಪಾಡ್‌ಕಾಸ್ಟ್ ಮಾಡುವುದು. ಇವುಗಳಲ್ಲಿ ಯಾವುದರಿಂದ ನಿಜಕ್ಕೂ ದುಡ್ಡು ಉಳಿಯುತ್ತದೆ? ಕೇಂದ್ರದಿಂದ ಏನು ಉಪಯೋಗ ಎಂದು ಕೇಳಿದರೆ ಯಾವ ಪುರಾವೆ ಮುಂದಿಡಬೇಕು?

ಟವರ್_ಕೆಳಗೆ:
ಮೊದಲು ಕರೆಂಟ್ ಲೆಕ್ಕ. 50 ವ್ಯಾಟ್ ಟ್ರಾನ್ಸ್‌ಮಿಟರ್ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಹೆಚ್ಚುಕಡಿಮೆ 100–120 ವ್ಯಾಟ್. 10 ಗಂಟೆಗೆ ಒಂದು ಯೂನಿಟ್ಟಿಗೆ ತುಸು ಜಾಸ್ತಿ. ಪವರ್ ಅರ್ಧ ಮಾಡಿದರೆ ಉಳಿಯುವುದು ದಿನಕ್ಕೆ ಅರ್ಧ ಯೂನಿಟ್, ಆದರೆ ಕೇಳಿಸುವ ದೂರ ಶೇ 15ರಿಂದ 30ರಷ್ಟು ಕುಗ್ಗುತ್ತದೆ. ಮೊದಲು ಕೈತಪ್ಪುವುದು ಅಂಚಿನ ಹಳ್ಳಿಗಳೇ. ಅದೇ ಸ್ಟುಡಿಯೊದ ಒಂದೂವರೆ ಟನ್ ಎಸಿ ಗಂಟೆಗೆ ಒಂದು ಯೂನಿಟ್ಟಿಗಿಂತ ಹೆಚ್ಚು ತಿನ್ನುತ್ತದೆ. ರೆಕಾರ್ಡಿಂಗನ್ನೆಲ್ಲ ಬೆಳಗಿನ ಹೊತ್ತು ಮೂರು ತಾಸಿನೊಳಗೆ ಮುಗಿಸಿ, ಉಳಿದ ಹೊತ್ತು ಎಸಿ ಆರಿಸಿ. ಪವರ್ ತಗ್ಗಿಸಿ ಸಿಗದ ಉಳಿತಾಯ ಅಲ್ಲಿ ಸಿಗುತ್ತದೆ.

50 ವ್ಯಾಟ್ ಕಡಿಮೆಯೇನಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಶುರು ಮಾಡಿದ್ದು 30 ವ್ಯಾಟ್‌ನಲ್ಲಿ.

ಹಣ ಕಡಿಮೆಯಾದಾಗ ಎಲ್ಲರೂ ಮೊದಲು ಕೈಬಿಡುವುದು ಆಂಟೆನಾ ನಿರ್ವಹಣೆ, ಮುಂದೆ ದುಬಾರಿಯಾಗುವುದೂ ಅದೇ. ಟ್ರಾನ್ಸ್‌ಮಿಟರ್ ಪ್ಯಾನೆಲ್‌ನಲ್ಲಿ ರಿಫ್ಲೆಕ್ಟೆಡ್ ಪವರ್ (ಆಂಟೆನಾದಿಂದ ಹೊರಹೋಗದೆ ಮರಳಿ ಬರುವ ಪವರ್) ವಾರಕ್ಕೊಮ್ಮೆ ಬರೆದಿಡಿ. 50 ವ್ಯಾಟ್‌ಗೆ 2 ವ್ಯಾಟ್ ಮರಳಿ ಬಂದರೆ ವಿಎಸ್‌ಡಬ್ಲ್ಯೂಆರ್, ಅಂದರೆ ಆಂಟೆನಾ-ಕೇಬಲ್ ಎಷ್ಟು ಹೊಂದಿಕೊಂಡಿವೆ ಎನ್ನುವ ಅಳತೆ, 1.5 (ಪೂರ್ತಿ ಹೊಂದಿದ್ದರೆ 1). ಅದನ್ನು ದಾಟಿ ಏರುತ್ತಲೇ ಹೋದರೆ ಬಹುಪಾಲು ಟವರ್ ಮೇಲೆ ಕೇಬಲ್ ಆಂಟೆನಾಗೆ ಸೇರುವ ಕನೆಕ್ಟರ್‌ಗೆ ಮಳೆನೀರು ಇಳಿದಿದೆ ಎಂದರ್ಥ. ಬಿಚ್ಚಿ ನೋಡಿ: ಒಳಗಿನ ತಾಮ್ರದ ಜಾಲರಿ ಕಪ್ಪು ಇಲ್ಲವೇ ಹಸಿರಾಗಿದ್ದರೆ ಒಣಗಿಸಿ ಪ್ರಯೋಜನವಿಲ್ಲ, ಅಷ್ಟು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ತಂತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಮಡಿಕೆಯೂ ನೀರು ಹಿಡಿಯುತ್ತದೆ. ಅದರ ಮೇಲೆ ಬಿಸಿಲು ತಡೆಯುವ ಪಿವಿಸಿ ಟೇಪ್. ಕೇಬಲ್ ಕೋಣೆಯೊಳಗೆ ಬರುವ ಮುನ್ನ ಕೆಳಕ್ಕೆ ಬಾಗಿ ಮತ್ತೆ ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಈ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು.

ನಿಯಮ_ಪುಸ್ತಕ:
ಒಂದು ಸೆಮಿಸ್ಟರ್ ನಿಲ್ಲಿಸುವ ಮಾತು ಸಮಿತಿಯ ನಡಾವಳಿಗೆ ಬರುವ ಮೊದಲೇ ತಡೆಯಿರಿ. ಸಮುದಾಯ ರೇಡಿಯೊ ನೀತಿಯ ಪ್ರಕಾರ ಪ್ರಸಾರ ಮೂರು ತಿಂಗಳಿಗಿಂತ ಹೆಚ್ಚು ನಿಂತರೆ ಅನುಮತಿ ರದ್ದಾಗಿ ತರಂಗಾಂತರ ಮುಂದಿನ ಅರ್ಜಿದಾರರ ಪಾಲಾಗಬಹುದು. ಸ್ಪೆಕ್ಟ್ರಂ (ತರಂಗಾಂತರ ಬಳಕೆಯ) ಶುಲ್ಕ ವರ್ಷಕ್ಕೆ 19,700 ರೂಪಾಯಿ. ಅದನ್ನು ಉಳಿಸಲು ಹೋಗಿ ಪರವಾನಗಿಯನ್ನೇ ಕಳೆದುಕೊಂಡರೆ ಎಲ್ಲ ಇಲಾಖೆಗಳ ಒಪ್ಪಿಗೆಗೂ ಮತ್ತೆ ಮೊದಲಿನಿಂದ ಅಲೆಯಬೇಕು.

ಆದಾಯದ ವಿಚಾರ: ಜಾಹೀರಾತಿಗೆ ಗಂಟೆಗೆ 7 ನಿಮಿಷವಿದ್ದ ಮಿತಿ ಈಗ 12 ನಿಮಿಷ. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಒಂದು ಗಂಟೆಯ ಆ 12 ನಿಮಿಷವೂ ತುಂಬಿದರೆ 5,328 ರೂಪಾಯಿ ಆಗುತ್ತದೆ, ಆದರೆ ಆ ಅಂಕಿಯನ್ನು ಬಜೆಟ್‌ನಲ್ಲಿ ಬರೆಯಬೇಡಿ. ದಿನಕ್ಕೆ 10 ಸೆಕೆಂಡಿನ 10 ಸ್ಪಾಟ್ (ಬಿಡಿ ಜಾಹೀರಾತು) ಸಿಕ್ಕರೆ 740 ರೂಪಾಯಿ. ಅದೂ ಬಿಲ್ ಕಳಿಸಿ ಕಾಯಬೇಕಾದ ಹಣ. ಯಾವುದು ಯಾವಾಗ ಪ್ರಸಾರವಾಯಿತು ಎಂಬ ಲಾಗ್ ಸರಿಯಿಲ್ಲದಿದ್ದರೆ ಬಿಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ರೆಕಾರ್ಡಿಂಗ್ ಹೇಗೂ ಮೂರು ತಿಂಗಳು ಇಡಲೇಬೇಕು, ಅದೇ ಹಾರ್ಡ್ ಡಿಸ್ಕಿನಲ್ಲಿ ಲಾಗ್ ಕೂಡ ಇರಲಿ.

ಕೇಳುಗರ_ಲೆಕ್ಕ:
ಪುರಾವೆಯ ಪ್ರಶ್ನೆಗೆ: 'ನಮ್ಮ ರೇಡಿಯೊ ಕೇಳುತ್ತೀರಾ' ಎಂದು ಕೇಳುವ ಸಮೀಕ್ಷೆ ಕಸದಬುಟ್ಟಿಗೆ. ಮನೆಗೆ ಬಂದವರ ಮನಸ್ಸು ಏಕೆ ನೋಯಿಸಬೇಕೆಂದು ಎಲ್ಲರೂ ಹೌದು ಅನ್ನುತ್ತಾರೆ. 'ನಿನ್ನೆ ರೇಡಿಯೊದಲ್ಲಿ ಏನೇನು ಕೇಳಿದಿರಿ' ಎಂದು ಕೇಳಿ. ಆಮೇಲೆ ಕಾರ್ಯಕ್ರಮಗಳ ಪಟ್ಟಿ ಓದಿ, ಅದರಲ್ಲಿ ನೀವು ಪ್ರಸಾರವೇ ಮಾಡದ ಒಂದು ಹೆಸರನ್ನೂ ಸೇರಿಸಿ. ಅದನ್ನೂ ಕೇಳಿದೆವು ಎಂದವರ ಉತ್ತರ ಲೆಕ್ಕಕ್ಕೆ ಬೇಡ. ಉಳಿದ ಸಂಖ್ಯೆ ಚಿಕ್ಕದಾದರೂ ಸಮಿತಿಯ ಮುಂದೆ ನಿಲ್ಲುತ್ತದೆ.

ಜೊತೆಗೆ ಹೊಸ ಕಾರ್ಯಕ್ರಮದ ಒಂದು ಗಂಟೆಗೆ ತಗಲುವ ವೆಚ್ಚ ತೋರಿಸಿ. ಮರುಪ್ರಸಾರದ ಗಂಟೆ ಸೇರಿಸಿ ಅಂಕಿ ಚಂದ ಮಾಡಿದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಪತ್ರಿಕೋದ್ಯಮ, ಕೃಷಿ, ಸಮಾಜಕಾರ್ಯ ವಿಭಾಗಗಳ ಪ್ರಾಯೋಗಿಕ ತರಗತಿ ಸ್ಟುಡಿಯೊದಲ್ಲೇ ನಡೆಯಲಿ. ಆಗ ವೆಚ್ಚದ ಒಂದು ಪಾಲು ಆ ವಿಭಾಗಗಳ ಲ್ಯಾಬ್ ಬಾಬ್ತಿಗೆ ಹೋಗುತ್ತದೆ. ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಮಂಡಳಿ) ವರದಿಯಲ್ಲಿ ವಿಸ್ತರಣಾ ಚಟುವಟಿಕೆಗೂ, ಅಂದರೆ ಕ್ಯಾಂಪಸ್ ಹೊರಗಿನ ಜನರಿಗಾಗಿ ಮಾಡುವ ಕೆಲಸಕ್ಕೂ, ದಾಖಲೆ ಸಿಗುತ್ತದೆ.

ಪಾಡ್‌ಕಾಸ್ಟ್ ಬೇಡವೆನ್ನುವುದಿಲ್ಲ, ಆದರೆ ಬದಲಿಯಾಗಿ ಅಲ್ಲ. ಎಫ್‌ಎಂನಲ್ಲಿ ಕೇಳುಗರು ಹತ್ತಾದರೂ ಹತ್ತು ಸಾವಿರವಾದರೂ ಖರ್ಚು ಅಷ್ಟೇ, ಕೇಳುವವರಿಗೆ ಡೇಟಾ ಬೇಕಿಲ್ಲ. ಮಂಗಳೂರಿನ ರೇಡಿಯೊ ಸಾರಂಗ್ ತುಳು, ಕೊಂಕಣಿ, ಬ್ಯಾರಿಯಲ್ಲಿ ಮಾತಾಡುತ್ತದೆ. ಖಾಸಗಿ ಎಫ್‌ಎಂಗೆ ಬ್ಯಾರಿಯಲ್ಲಿ ದಿನದ ಕಾರ್ಯಕ್ರಮ ಮಾಡುವುದು ಗಿಟ್ಟುವ ಮಾತಲ್ಲ. ನಿಮ್ಮ ಕೇಂದ್ರದಲ್ಲಿ ಹಾಗೆ ಬೇರೆ ಯಾರೂ ಮಾಡದ್ದು ಯಾವುದು ಎಂದು ಹುಡುಕಿ, ಅದಕ್ಕೆ ಮಾತ್ರ ಕತ್ತರಿ ತಾಗದಂತೆ ನೋಡಿಕೊಳ್ಳಿ. ಸಿನಿಮಾ ಹಾಡಿನ ಗಂಟೆಗಳು ಹೋದರೆ ಹೋಗಲಿ.

ಕ್ಯಾಂಪಸ್_ತರಂಗ:
ಹಾಗಾದರೆ ದಿನಕ್ಕೆ 2 ಗಂಟೆ ಹೊಸದು, 4 ಗಂಟೆ ಮರುಪ್ರಸಾರ, ಭಾನುವಾರ ಪೂರ್ತಿ ಆಟೊಮೇಶನ್ (ಸಿಬ್ಬಂದಿಯಿಲ್ಲದೆ ಕಂಪ್ಯೂಟರ್‌ನಿಂದಲೇ ಪ್ರಸಾರ) ಎಂದಿಟ್ಟುಕೊಂಡರೆ?

ಟವರ್_ಕೆಳಗೆ:
ಆಗಬಹುದು. ಆದರೆ ಭಾನುವಾರ ಪ್ಲೇಲಿಸ್ಟ್ ಮುಗಿದೋ, ಅಪ್‌ಡೇಟ್ ಆಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿಯೋ ಕೇಂದ್ರ ಮೌನವಾದರೆ ಸೋಮವಾರದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಟ್ರಾನ್ಸ್‌ಮಿಟರ್ ಮಾತ್ರ ಖಾಲಿ ಕ್ಯಾರಿಯರ್ (ಧ್ವನಿಯಿಲ್ಲದ ಬರಿ ತರಂಗ) ಕಳಿಸುತ್ತಲೇ ಇರುತ್ತದೆ. ಮಿಕ್ಸರ್‌ಗೂ ಟ್ರಾನ್ಸ್‌ಮಿಟರ್‌ಗೂ ನಡುವೆ ಮೌನವನ್ನು ಗುರುತಿಸುವ ಸೈಲೆನ್ಸ್ ಡಿಟೆಕ್ಟರ್ ಹಾಕಿ, 30 ಸೆಕೆಂಡಿಗೆ ಹೊಂದಿಸಿ. 10 ಸೆಕೆಂಡಿಗೆ ಇಟ್ಟರೆ ನಾಟಕದ ನಡುವಿನ ಮೌನಕ್ಕೂ ಅದು ಪ್ರಸಾರ ಬದಲಿಸಿಬಿಡುತ್ತದೆ. ಮೌನ ಕಂಡಾಗ ಅದರ ರಿಲೇ (ತಂತಾನೇ ಬದಲಾಗುವ ಸ್ವಿಚ್) ಪೆನ್‌ಡ್ರೈವ್ ಪ್ಲೇಯರ್‌ಗೆ ತಿರುಗಲಿ. ಆ ಪ್ಲೇಯರ್ ಕಂಪ್ಯೂಟರ್‌ನ ಯುಪಿಎಸ್‌ನಲ್ಲಿರಬಾರದು, ಬೇರೆ ಬ್ಯಾಟರಿಯಲ್ಲಿರಬೇಕು.