ಮೂರು ಗಂಟೆಯ ಪ್ರಾರ್ಥನೆ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಮಾತು

ದೊಡ್ಡಪ್ಪ, ಮೈಸೂರು (ಬೆಳಿಗ್ಗೆ 5:40)
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಮೇಲೆ ಹಾಕಿರುವ ಚಿತ್ರವನ್ನು ದಯವಿಟ್ಟು ಓದಿರಿ. ಇವತ್ತು ಕೆಲಸ ವಿಪರೀತ ಇರುವುದರಿಂದ ಮೊದಲ ಮೂರು ಗಂಟೆ ಪ್ರಾರ್ಥನೆಗೇ ಕೊಡಬೇಕು ಎಂದು ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರ್ ಹೇಳಿದರೆಂದು ಅದರಲ್ಲಿದೆ. ನಮ್ಮ ಮನೆಯ ಮಕ್ಕಳಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಮೊಣಕಾಲೂರುವವರು ಎಷ್ಟು ಮಂದಿ ಇದ್ದೀರಿ? ಭಾನುವಾರ ಆರಾಧನೆಗೆ ಬಂದು ಕುಳಿತರೆ ಸಾಲದು.

ತಮ್ಮ, ಮಂಡ್ಯ (6:25)
ದೊಡ್ಡಪ್ಪ, ಬೇಸರ ಮಾಡಿಕೊಳ್ಳಬೇಡಿ. ಈಗ ಕಬ್ಬು ಅರೆಯುವ ಹಂಗಾಮು. ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಕಾರ್ಖಾನೆಯ ಗೇಟು ದಾಟಿದ್ದೇನೆ. ಮೂರು ಗಂಟೆ ಎಂದರೆ ನನ್ನ ನಿದ್ದೆಯ ಅರ್ಧ. ಕಾಯಕವೇ ಕೈಲಾಸ ಎಂದ ನಾಡಿನಲ್ಲಿ ಬೆಳೆದ ನನಗೆ, ಮೋಸವಿಲ್ಲದೆ ಮಾಡಿದ ಕೆಲಸವೂ ದೇವರಿಗೆ ಸಲ್ಲುವ ಪ್ರಾರ್ಥನೆಯೇ ಎಂದು ತೋರುತ್ತದೆ. ಎಡೆಬಿಡದೆ ಪ್ರಾರ್ಥನೆ ಮಾಡಿರಿ ಎಂದು ಬೈಬಲಿನಲ್ಲಿ ಪೌಲನು ಥೆಸಲೋನಿಕದವರಿಗೆ ಬರೆದದ್ದನ್ನು ದುಡಿಯುವವನು ಬೇರೆ ಹೇಗೆ ಪಾಲಿಸಬೇಕು?

ನಾನು, ಮೈಸೂರು (9:10)
ದೊಡ್ಡಪ್ಪ, ಆ ಮಾತು ಲೂಥರರ ಯಾವ ಬರಹದಲ್ಲಿದೆ ಎಂದು ಚಿತ್ರ ಹಾಕಿದವರು ತಿಳಿಸಿಲ್ಲ. ಆದರೆ ಅವರು ನಿಜವಾಗಿ ಬರೆದದ್ದು ನಮಗೆ ಸಿಗುತ್ತದೆ. ಪ್ರಾರ್ಥನೆ ಮಾಡುವುದು ಹೇಗೆಂದು ತಮ್ಮ ಕ್ಷೌರಿಕ ಪೀಟರ್ ಕೇಳಿದ್ದಕ್ಕೆ 1535ರಲ್ಲಿ ಅವರು ದೀರ್ಘವಾದ ಉತ್ತರ ಕೊಟ್ಟರು. ಬೆಳಿಗ್ಗೆ ಮೊದಲ ಕೆಲಸವೂ ರಾತ್ರಿ ಕೊನೆಯ ಕೆಲಸವೂ ಪ್ರಾರ್ಥನೆಯಾಗಿರಲಿ, ‘ಇದೊಂದು ಮುಗಿಯಲಿ, ಗಂಟೆ ಬಿಟ್ಟು ಮಾಡೋಣ’ ಎನ್ನುವ ಯೋಚನೆಯನ್ನು ನಂಬಬೇಡ ಎಂದರು. ಕತ್ತಿ ಹಿಡಿದ ಕ್ಷೌರಿಕ ಮಾತಿನಲ್ಲಿ ಮೈಮರೆತರೆ ಗಿರಾಕಿಯ ಮೂಗನ್ನೇ ಕೊಯ್ದಾನು, ಪ್ರಾರ್ಥನೆಗೂ ಅಂಥದೇ ಗಮನ ಬೇಕು ಎಂದು ಆ ಮನುಷ್ಯನ ಕಸುಬಿನಿಂದಲೇ ಹೋಲಿಕೆ ತೆಗೆದರು. ಒಳ್ಳೆಯ ಪ್ರಾರ್ಥನೆ ಉದ್ದವಾಗಿರಬೇಕಿಲ್ಲ, ಪದೇ ಪದೇ ಆಗಬೇಕು, ಅದರಲ್ಲಿ ಕಾವಿರಬೇಕು ಎಂಬುದೂ ಅಲ್ಲೇ ಇದೆ. ದುಡಿದು ತಿನ್ನುವವನಿಗೆ ಬರೆದ ಈ ಉತ್ತರ, ಮೂರು ಗಂಟೆಯ ಲೆಕ್ಕಕ್ಕಿಂತ ನಮ್ಮ ಮನೆಗೆ ಹೆಚ್ಚು ಹತ್ತಿರದ್ದು.

ಆದರೆ ತಮ್ಮಾ, ನಿನ್ನ ಮಾತನ್ನೂ ನಾನು ಒಪ್ಪಲಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಹದಿನಾಲ್ಕು ವರ್ಷ ದುಡಿದವಳಾಗಿ ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ಓದುವಾಗಲೆಲ್ಲ ನನ್ನ ಕಣ್ಣು ಒಂದೇ ಕಡೆ ನಿಲ್ಲುತ್ತದೆ. ಹೊತ್ತು ಮುಳುಗಿದ ಮೇಲೆ ಕಪೆರ್ನೌಮಿನ ಜನರು ರೋಗಿಗಳನ್ನೆಲ್ಲ ಹೊತ್ತು ತಂದರು, ಊರಿಗೆ ಊರೇ ಬಾಗಿಲಿಗೆ ಬಂದು ಸೇರಿತ್ತು, ಯೇಸು ಅವರಲ್ಲಿ ಅನೇಕರನ್ನು ಗುಣಪಡಿಸಿದರು. ಅದಕ್ಕಿಂತ ದೊಡ್ಡ ಕಾಯಕ ಯಾವುದಿದೆ? ಅಷ್ಟಾಗಿಯೂ ಮರುದಿನ ಇನ್ನೂ ಮೊಬ್ಬಿರುವಾಗಲೇ ಎದ್ದು ಅಡವಿಗೆ ಹೋಗಿ ಒಬ್ಬರೇ ಪ್ರಾರ್ಥಿಸಿದರು. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯ ಸೀಮೋನನು ಬಂದು ಹೇಳುವ ತನಕ ಆ ಏಕಾಂತ ಮುಗಿಯಲಿಲ್ಲ. ರಾತ್ರಿ ಮಾಡಿದ ಸೇವೆಯೇ ಪ್ರಾರ್ಥನೆಯಾಗಿ ಸಾಕಾಗಿದ್ದರೆ ಅವರು ಏಳಬೇಕಾಗಿರಲಿಲ್ಲ. ಕೆಲಸವೊಂದೇ ಉಳಿದ ದಿನಗಳಲ್ಲಿ ನನ್ನ ಕೈ ಸೂಜಿ ಹಾಕುತ್ತಿತ್ತು, ಚಾರ್ಟು ಬರೆಯುತ್ತಿತ್ತು, ಆದರೆ ಎದುರಿಗೆ ಮಲಗಿದ್ದವರ ಮುಖ ನನಗೆ ಕಾಣುತ್ತಿರಲಿಲ್ಲ. ಹಾಗೆ ಎರಡು ವರ್ಷ ಕಳೆದಿದ್ದೇನೆ ಎಂದು ಇಲ್ಲಿ ಹೇಳುವುದಕ್ಕೆ ನನಗೆ ನೋವಾಗುತ್ತದೆ.

ದೊಡ್ಡಪ್ಪ (9:48)
ಬಾರ್ಬರನ ವಿಷಯ ನನಗೆ ಗೊತ್ತಿರಲಿಲ್ಲ ಮಗಳೇ. ಆದರೂ ಹತ್ತು ನಿಮಿಷ ಎಂದು ಆರಂಭಿಸಿದವರು ತಿಂಗಳು ತುಂಬುವುದರೊಳಗೆ ಎರಡು ನಿಮಿಷಕ್ಕೆ ಇಳಿಯುವುದನ್ನು ಈ ಮನೆಯಲ್ಲೇ ಕಂಡಿದ್ದೇನೆ. ಬೈಬಲಿನ ದಾನಿಯೇಲನು, ರಾಜನನ್ನು ಬಿಟ್ಟು ಬೇರಾರಿಗೂ ಪ್ರಾರ್ಥಿಸಬಾರದೆಂಬ ರಾಜಾಜ್ಞೆ ಹೊರಟಿದ್ದು ತಿಳಿದ ಮೇಲೂ, ಯೆರೂಸಲೇಮಿನ ಕಡೆ ತೆರೆದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಲ ಮೊಣಕಾಲೂರಿದನು. ಅವನೂ ರಾಜ್ಯದ ಅಧಿಕಾರಿಯೇ, ಅವನಿಗೂ ಕಚೇರಿ ಇತ್ತು. ಹೊತ್ತು ಗೊತ್ತು ಇಲ್ಲದ ಪ್ರಾರ್ಥನೆ ಉಳಿಯುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಚಿಕ್ಕಮ್ಮ, ಮಂಡ್ಯ (10:05)
ಹೊತ್ತು ಇರಲಿ ಭಾವ, ಮರೆ ಎಲ್ಲಿಂದ ತರುವುದು? ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಮತ್ತಾಯನ ಸುವಾರ್ತೆಯಲ್ಲಿದೆ. ಎರಡು ಕೋಣೆಯಲ್ಲಿ ಏಳು ಜನರಿದ್ದ ನಮ್ಮ ಅತ್ತೆಯವರಿಗೆ ಮುಚ್ಚಲು ಬಾಗಿಲಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು, ಸೆರಗನ್ನು ಹಣೆಯವರೆಗೂ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಹಾಲು ಉಕ್ಕುವ ತನಕ ಅವರನ್ನು ಯಾರೂ ಕರೆಯಕೂಡದು ಎಂಬುದು ಮಕ್ಕಳಿಗೂ ಗೊತ್ತಿತ್ತು. ಹತ್ತೊಂಬತ್ತು ಮಕ್ಕಳನ್ನು ಹೆತ್ತ ಸುಸಾನಾ ವೆಸ್ಲಿ, ಎಂದರೆ ಮೆಥೋಡಿಸ್ಟ್ ಪಂಗಡಕ್ಕೆ ಮೂಲರಾದ ಜಾನ್ ವೆಸ್ಲಿಯವರ ತಾಯಿ, ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದರೆಂಬ ಹೇಳಿಕೆಯನ್ನು ವೆಸ್ಲಿ ದೇವಾಲಯದ ಸ್ತ್ರೀಯರ ಕೂಟದಲ್ಲಿ ಕೇಳಿದಾಗ, ನನಗೆ ನಮ್ಮ ಅತ್ತೆಯವರ ಬೆನ್ನೇ ಕಣ್ಣಿಗೆ ಕಟ್ಟಿತು.

ನಾನು (10:30)
ಅಜ್ಜಿಯ ಆ ಹಾಲಿನ ಹೊತ್ತು ದೊಡ್ಡಪ್ಪ ಕೇಳುವ ಗೊತ್ತೂ ಹೌದು, ತಮ್ಮನ ಕೈಗೆ ಎಟುಕುವ ಅಳತೆಯೂ ಹೌದು. ಗಡಿಯಾರದ ಐದು ಗಂಟೆಗೇ ಅದನ್ನು ಕಟ್ಟಿಹಾಕುವುದು ಬೇಡ ದೊಡ್ಡಪ್ಪ; ಪಾಳಿ ಬದಲಾಗುವ ನಮ್ಮಂಥವರು ಪ್ರತಿದಿನ ತಪ್ಪದೆ ನಡೆಯುವ ಯಾವುದಾದರೊಂದು ಕೆಲಸಕ್ಕೆ ಅದನ್ನು ಹೊಂದಿಸಿಕೊಳ್ಳಬೇಕು. ನಾನು ಸಮವಸ್ತ್ರ ಹಾಕಿಕೊಳ್ಳುವ ಮೊದಲು ಮಹಡಿಯ ಮೆಟ್ಟಿಲ ಮೇಲೆ ಕುಳಿತು ಬೈಬಲಿನ ಒಂದು ಕೀರ್ತನೆ ಓದಿ, ಹಿಂದಿನ ದಿನ ನೋಡಿಕೊಂಡ ರೋಗಿಗಳಲ್ಲಿ ಮೂವರ ಹೆಸರು ಹೇಳುತ್ತೇನೆ. ಫೋನು ಕೆಳಗೆ ಅಡುಗೆಮನೆಯಲ್ಲಿ ಇರುತ್ತದೆ, ಏಕೆಂದರೆ ಅದು ಕೈಯಲ್ಲಿದ್ದರೆ ಈ ಗುಂಪೇ ನನ್ನ ಪ್ರಾರ್ಥನೆಯನ್ನು ತಿಂದುಬಿಡುತ್ತದೆ. ತಮ್ಮಾ, ಗೇಟು ದಾಟಿದ ಮೇಲೆ ನೀನು ಒಬ್ಬನೇ ಇರುವ ಜಾಗ ಯಾವುದು?

ತಮ್ಮ (ಮಧ್ಯಾಹ್ನ 2:15)
ಈಗ ಎದ್ದೆ ಅಕ್ಕ, ಎಲ್ಲವನ್ನೂ ಓದಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ಮೇಲೆ ದಿನವೂ ಬೈಕ್ ನಿಲ್ಲಿಸಿ ಮುಖ ತೊಳೆದುಕೊಳ್ಳುತ್ತೇನೆ, ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ನಾಳೆ ಬೆಳಿಗ್ಗೆ ಅಲ್ಲೇ ಹತ್ತು ನಿಮಿಷ ಕುಳಿತುಕೊಳ್ಳುತ್ತೇನೆ. ದೊಡ್ಡಪ್ಪ, ಆರೂವರೆಗೆ ನನ್ನ ಫೋನು ಬಂದ್ ಆಗಿದ್ದರೆ ಗಾಬರಿಯಾಗಬೇಡಿ. ಅಕ್ಕ, ಯಾವ ಕೀರ್ತನೆಯಿಂದ ಆರಂಭಿಸಬೇಕೆಂದು ರಾತ್ರಿಯೊಳಗೆ ತಿಳಿಸು.